ಗಾಣದ ಬೀದಿಯ ಬಿಂದಿಗೆ ಓಟು

ಮಗಳ ಪುರುಡು ಕಳೆಯೋ ದಿನ ಮನೇಲಿ ಒಂದು ಹಂಡೆ ನೀರಿರಲಿ ಅಂತ ಆಸೆಪಡೋದು ಯಾವ ಕಾನೂನಿನಲ್ಲಿ ತಪ್ಪು, ಹೇಳಿ ನೋಡೋಣ? ಆ ಬುಧವಾರ ಬೆಳಗ್ಗೆ ಆರು ಗಂಟೆಗೇ ಮಂಚಮ್ಮ ಬಚ್ಚಲುಮನೆ ಹೊಸ್ತಿಲ ಮೇಲೆ ಹಂಡೆಗೆ ಬೆನ್ನು ಕೊಟ್ಟು ಕೂತುಬಿಟ್ಟಿದ್ದಳು. ಕೈಯಲ್ಲಿ ಪೊರಕೆ. ಅದು ಕಸ ಗುಡಿಸೋಕಲ್ಲ. ಗಂಡ ನರಸಯ್ಯ ಹಂಡೆಯ ಹತ್ತಿರ ಬಂದರೆ ಇರಲಿ ಅಂತ.

ಮಗಳು ಚೈತ್ರ ಚೊಚ್ಚಲ ಬಾಣಂತಿ. ಹೆಣ್ಣು ಕೂಸು, ಹುಟ್ಟಿ ಅವತ್ತಿಗೆ ಹನ್ನೊಂದು ದಿನ. ನಾಗಮಂಗಲದಿಂದ ಬೀಗಿತ್ತಿ ಪುಟ್ಟಗೌರಮ್ಮ ಮಧ್ಯಾಹ್ನದ ಬಸ್ಸಿಗೆ ಬರೋಳಿದ್ದಳು. ಅವರ ಮನೆತನದಲ್ಲಿ ಒಂದು ನೇಮ ಉಂಟು: ಹನ್ನೊಂದನೇ ದಿನ ಕೂಸಿನ ತಲೆಗೆ ಮೊದಲ ಚೆಂಬು ನೀರು ಹುಯ್ಯೋಳು ಅದರ ಅಪ್ಪನ ತಾಯಿ. ಆಮೇಲೆ ಬಾಣಂತಿಗೆ ಮೈತುಂಬ ನೀರು, ಆಮೇಲೆ ತೊಟ್ಟಿಲು, ಹೆಸರು, ಊಟ. ಮದುವೇಲಿ ಪಾಯಸ ತೆಳ್ಳಗಾಯ್ತು ಅಂತ ಎರಡು ವರ್ಷ ಆಡಿಕೊಂಡ ಹೆಂಗಸು ಈ ಪುಟ್ಟಗೌರಮ್ಮ. ಮೊಮ್ಮಗಳಿಗೆ ಹುಯ್ಯೋಕೆ ನೀರೇ ಇಲ್ಲ ಅಂದರೆ ಆ ಬಾಯಿ ಚೈತ್ರಳನ್ನು ಎಷ್ಟು ವರ್ಷ ಬಿಡದೆ ಕುಕ್ಕುತ್ತೋ! ಮಂಚಮ್ಮನಿಗೆ ರಾತ್ರಿಯೆಲ್ಲಾ ಅದೇ ಭಯ.

ಕೆ.ಆರ್. ಪೇಟೆಯ ಗಾಣದ ಬೀದಿಗೆ ಇರೋದು ಒಂದೇ ನಲ್ಲಿ. ಆ ಬೇಸಿಗೆ ಹೊಳೆ ಹತ್ತಿರದ ಎರಡು ಮೋಟರಲ್ಲಿ ಒಂದು ಸುಟ್ಟು ಕೂತಿತ್ತು. ನಾಲ್ಕು ದಿನಕ್ಕೊಮ್ಮೆ ಒಂದು ತಾಸು ನೀರು. ಸೋಮವಾರ ಬಂದಿತ್ತು, ಇನ್ನು ಬರೋದು ಶುಕ್ರವಾರ. ಕೆರೆ ಕಡೆಯ ಬಾವಿ ತಳ ಕಂಡು ತಿಂಗಳಾಗಿತ್ತು. ಆದ್ದರಿಂದ ಮಂಚಮ್ಮ ಸೋಮವಾರವೇ ಸೊಂಟ ಮುರಿಯೋ ಹಾಗೆ ನೀರು ಹೊತ್ತು, ತವರುಮನೆ ಸಿಂಧಘಟ್ಟದಿಂದ ಬಳುವಳಿ ಬಂದ ತಾಮ್ರದ ಹಂಡೆ ತುಂಬಿಸಿ, ಮೇಲೆ ಮೊರ ಮುಚ್ಚಿ, ಮೊರದ ಮೇಲೆ ಒರಳುಗುಂಡು ಹೇರಿ ಇಟ್ಟಿದ್ದಳು. ಇಷ್ಟೆಲ್ಲಾ ಮಾಡಿದ್ದು ಬೆಕ್ಕಿನ ಕಾಟಕ್ಕೆ. ಕಾಟ ಬಂದದ್ದು ಮಾತ್ರ ದೆಹಲಿಯಿಂದ.

ಹೌದು ಸ್ವಾಮಿ, ದೆಹಲಿಯಿಂದಲೇ. ಅದು ತೊಂಬತ್ತೇಳನೇ ಇಸವಿ. ಪಕ್ಕದ ಜಿಲ್ಲೆಯೋರು, ಅಂದರೆ ನಮ್ಮೋರೇ ಅನ್ನಿ, ಪ್ರಧಾನಿಯಾಗಿ ವರ್ಷ ತುಂಬೋ ಮೊದಲೇ ಇಳಿದಿದ್ದರು. ಪಾರ್ಲಿಮೆಂಟಿನಲ್ಲಿ ಆ ಓಟು ನಡೆದ ದಿನ ಗಾಣದ ಬೀದಿಯ ಗಂಡಸರೆಲ್ಲಾ ಶಿವಶಂಕರ್ ಮನೆ ಟೀವಿ ಮುಂದೆ ಉಣ್ಣದೆ ಕೂತಿದ್ದರು. ಕೂತವರು ಎದ್ದಾಗ ಒಬ್ಬೊಬ್ಬರ ಬಾಯಲ್ಲೂ ಹೊಸ ಹೊಸ ಮಾತು. ವಿಶ್ವಾಸಮತವಂತೆ, ಹೊರಗಿನ ಬೆಂಬಲವಂತೆ, ಸಭಾತ್ಯಾಗವಂತೆ. ಬೀದಿಯ ಮೇಲ್ತುದಿ, ಅಂದರೆ ಮೇಲ್ಬೀದಿಯ ನಂಜಪ್ಪನಿಗೆ ಅವನ ಹೆಂಡತಿ ಚಿಕ್ಕಬೋರಮ್ಮ, ಎಮ್ಮೆಗೆ ಹುಲ್ಲು ತಂದುಹಾಕು ಅಂದರೆ, "ನಾನ್ ಸಭಾತ್ಯಾಗ ಮಾಡ್ದೆ ಕಣಮ್ಮಿ" ಅಂದು ಟವಲ್ಲು ಕೊಡವಿಕೊಂಡು ಹೊರಟುಹೋಗಿದ್ದ. ಎಮ್ಮೆ ಎರಡು ಹೊತ್ತು ಉಪವಾಸ.

ಹೀಗಿರುವಾಗ ನೀರಿನ ಆಫೀಸಿನಿಂದ ಒಂದು ಕಾಗದ ಬಂತು. ಬೀದಿಗೆ ಎರಡನೇ ನಲ್ಲಿ ಹಾಕಿಕೊಡುತ್ತೇವೆ. ಬೀದಿಯವರು ಯಾರಾದರೂ ಒಬ್ಬರನ್ನು ಉಸ್ತುವಾರಿ ಅಂತ ಆರಿಸಿ, ಜಾಗ ತೋರಿಸಿ, ರುಜು ಹಾಕಿಸಿ ಬುಧವಾರ ಮಧ್ಯಾಹ್ನ ಎರಡು ಗಂಟೆಯೊಳಗೆ ಕೊಡತಕ್ಕದ್ದು. ಇಷ್ಟೇ. ಹೆಂಗಸರ ಕೈಗೆ ಆ ಕಾಗದ ಸಿಕ್ಕಿದ್ದರೆ ಕಾಲು ಗಂಟೆಯ ಕೆಲಸ. ಸಿಕ್ಕಿದ್ದು ನಲ್ಲಿಕಟ್ಟೆ ಮೇಲೆ ಪೇಪರ್ ಓದುತ್ತಾ ಕೂತವರ ಕೈಗೆ.

ನಂಜಪ್ಪ, ನಲ್ಲಿ ಮೇಲ್ಬೀದಿಗೆ ಬರಬೇಕು ಅಂದ. ಅವನಿಗೆ ಆರು ಎಮ್ಮೆ, ಡೈರಿಗೆ ಹಾಲು ಹಾಕೋ ಕುಳ. ಕೆಳಬೀದಿಯವರು ನರಸಯ್ಯನನ್ನು ನಿಲ್ಲಿಸಿದರು. ನರಸಯ್ಯ ತಾಲ್ಲೂಕು ಕಚೇರಿಯಲ್ಲಿ ಮೂವತ್ತೆರಡು ವರ್ಷ ಜವಾನನಾಗಿದ್ದು ನಿವೃತ್ತಿಯಾದೋನು. ಮೂವತ್ತೆರಡು ವರ್ಷವೂ ಅವನ ಕೆಲಸ ಮಡಕೆಗೆ ನೀರು ತುಂಬೋದು, ಬಂದ ಸಾಹೇಬರಿಗೆಲ್ಲಾ ಲೋಟ ಹಿಡಿಯೋದು. ಸಾಹೇಬರು ಲೋಟ ನೋಡ್ತಿದ್ದರೇ ಹೊರತು ಹಿಡಿದ ಮುಖ ನೋಡ್ತಿರಲಿಲ್ಲ. ಈಗ ಬೀದೀಲಿ ಜನ "ನರಸಯ್ಯಣ್ಣೋರು" ಅನ್ನೋಕೆ ಶುರುಮಾಡಿದ ಮೇಲೆ ಅವನ ನಡಿಗೆಯೇ ಬೇರೆ ಆಗಿಬಿಟ್ಟಿತ್ತು. ಪಂಚೆಗೆ ನೀಲಿ ಹಾಕು ಅಂದ. ಕನ್ನಡಿ ಮುಂದೆ ನಿಂತು ರುಜು ಹಾಕೋ ಹಾಗೆ ಗಾಳಿಯಲ್ಲಿ ಕೈ ಆಡಿಸಿದ. ಮಂಚಮ್ಮ ಅದನ್ನು ಬಾಗಿಲ ಸಂದಿಯಿಂದ ನೋಡಿ ನಕ್ಕಿದ್ದಳು. ಆಮೇಲೆ, ಗೆಲ್ಲಲಿ ಪಾಪ, ಒಂದು ಸಲ ಗೆಲ್ಲಲಿ ಅಂತ ಮನಸ್ಸಿನಲ್ಲೇ ಅಂದುಕೊಂಡಿದ್ದಳು. ಇದು ಹಂಡೆ ಮಾತು ಬರೋಕೆ ಮುಂಚೆ.

ಓಟು ಹಾಕೋರು ಯಾರು ಅನ್ನೋದೇ ಮೊದಲ ಜಗಳ. ಮನೆಗೊಂದು ಅಂದರೆ ಹದಿನಾಲ್ಕು ಜನರ ನಂಜಪ್ಪನ ಮನೆಗೂ ಒಂದೇ, ಒಂಟಿ ಕುಳ್ಳಯ್ಯನಿಗೂ ಒಂದೇ. ಆಳಿಗೊಂದು ಅಂದರೆ ಮೈಸೂರಲ್ಲಿ ಓದೋರು, ಹೊಸಹೊಳಲಿಗೆ ಮದುವೆಯಾಗಿ ಹೋದೋರು ಎಲ್ಲರ ಹೆಸರೂ ಬಂತು. ಸತ್ತೋರು ಇಬ್ಬರು ಬಂದರು. ಕೊನೆಗೆ ರಿಟೈರ್ಡ್ ಮೇಷ್ಟ್ರು ಮುದ್ದಯ್ಯನನ್ನು ಸ್ಪೀಕರ್ ಮಾಡಿ ಕೂರಿಸಿದರು. ಅವರು ಕನ್ನಡಕ ಒರೆಸಿ, ಒರೆಸಿ, ಒಂದು ತೀರ್ಮಾನ ಕೊಟ್ಟರು.

"ಈ ಬೀದೀಲಿ ಇಪ್ಪತ್ತು ವರ್ಸದಿಂದ ಸರದಿ ತಪ್ದೆ, ಸುಳ್ ಯೋಳ್ದೆ ನಿಂತಿರೋದು ಅಂದ್ರೆ ಬಿಂದಿಗೆಗಳು ಮಾತ್ರ. ಬಿಂದಿಗೇಗೇ ಓಟು."

ಕೇಳಿದರೆ ಹುಚ್ಚು ಅನಿಸುತ್ತೆ. ಆದರೆ ಗಾಣದ ಬೀದಿಯ ಪದ್ಧತಿ ಗೊತ್ತಿದ್ದೋರಿಗೆ ಅನಿಸೋಲ್ಲ. ಅಲ್ಲಿ ಖಾಲಿ ಬಿಂದಿಗೆ ಸಾಲಿನಲ್ಲಿಟ್ಟರೆ ಆಳು ನಿಂತ ಹಾಗೇ. ಇನ್ನೊಬ್ಬರ ಬಿಂದಿಗೆ ಮುಟ್ಟೋ ಹಾಗಿಲ್ಲ, ಸರಿಸೋ ಹಾಗಿಲ್ಲ. ಮಂಚಮ್ಮನ ಅತ್ತೆ ತೀರಿಕೊಂಡ ದಿನ ಮನೆಯೋರೆಲ್ಲಾ ಹೆಣದ ಮುಂದಿದ್ದಾಗ, ಅವರ ಬಿಂದಿಗೆ ತನ್ನ ಪಾಡಿಗೆ ತಾನು ಸಾಲಿನಲ್ಲಿ ನಿಂತು ನೀರು ತುಂಬಿಸಿಕೊಂಡಿತ್ತು. ಇನ್ನೊಂದು ಕಟ್ಟಳೆಯೂ ಉಂಟು. ಆ ಅತ್ತೆಯೇ ಮಾಡಿದ್ದು. ಮನೇಲಿ ನೀರಿಟ್ಟುಕೊಂಡೋರು ಸಾಲಿಗೆ ಬರಬಾರದು. ಇಲ್ಲದೋರು ಮೊದಲು ಹಿಡಿದುಕೊಳ್ಳಲಿ ಅಂತ. ಎಷ್ಟು ಒಳ್ಳೆ ಮಾತು ನೋಡಿ. ಅದನ್ನು ಗಂಡಸರ ಕೈಗೆ ಕೊಟ್ಟರೆ ಏನಾಗುತ್ತೆ ಅಂತ ಆ ಮುದುಕಿ ಕನಸಿನಲ್ಲೂ ಕಂಡಿರಲಾರಳು.

"ಮನೇಲಿ ಅನಿ ನೀರಿದ್ರೂ ಆ ಮನೆ ಬಿಂದಿಗೆ ಒಂದೂ ಲೆಕ್ಕುಕ್ಕಿಲ್ಲ" ಅಂತ ಮುದ್ದಯ್ಯ ಮೇಷ್ಟ್ರು ಸಾರಿದರು. "ಪದ್ಧತಿ ಪದ್ಧತೀನೇಯ. ನಾನೇ ಮನೆಮನೆಗೆ ಬಂದು ನೋಡ್ತೀನಿ. ಒಣಗಿರೋ ಮನೆ ಬಾಗ್ಲುಗೆ ಸೀಮೆಸುಣ್ಣುದಲ್ಲಿ 'ಒಣ' ಅಂತ ಬರೀತೀನಿ."

ಅದಾದ ಮೇಲೆ ಮಂಗಳವಾರ ಸಂಜೆ ಗಾಣದ ಬೀದೀಲಿ ನಡೆದದ್ದನ್ನು ನೋಡಿದೋರು ಇವತ್ತಿಗೂ ಹೇಳಿಕೊಂಡು ತಲೆ ಚಚ್ಚಿಕೊಳ್ತಾರೆ. ನಾಲ್ಕು ದಿನಕ್ಕೆ ಅಂತ ಕೂಡಿಟ್ಟ ನೀರನ್ನು ಜನ ಹೊರಗೆ ತಂದು ಸುರಿದರು. ಕರಿಬೇವಿನ ಗಿಡಕ್ಕೆ ಸುರಿದರು, ಸೈಕಲ್ಲು ತೊಳೆದರು, ಸೈಕಲ್ಲು ಇಲ್ಲದೋರು ಗೋಡೆ ತೊಳೆದರು. ಕುಳ್ಳಯ್ಯ ಮೂರು ಸಲ ಸ್ನಾನ ಮಾಡಿ ಶೀತ ತಂದುಕೊಂಡ. ನಂಜಪ್ಪ ತನ್ನ ಎಮ್ಮೆಗಳಿಗೆ ತೊಟ್ಟಿ ಖಾಲಿ ಮಾಡಿಸೋಕೆ ಹೊರಟ. ಐದು ಕುಡಿದವು, ಆರನೇದು ಮುಖ ತಿರುಗಿಸಿತು. "ಕುಡಿಯವ್ವಾ, ನಿನ್ನ ದಮ್ಮಯ್ಯಾ, ನಿಮಗೋಸ್ಕರನೇ ಕಣವ್ವಾ ಈ ನಲ್ಲಿ" ಅಂತ ಅದರ ಕತ್ತು ಸವರಿ ಬೇಡಿಕೊಂಡ. ಕೊನೆಗೆ ಆ ನೀರನ್ನು ಅದರ ಬೆನ್ನ ಮೇಲೆ ಸುರಿದ. ಬೀದಿ ತುಂಬಾ ಮಣ್ಣಿನ ವಾಸನೆ. ಹೆಂಗಸರು ಬೈದರು, ಅತ್ತರು. ಎರಡೂ ಕಡೆಯ ಹೆಂಗಸರು ಮೊದಲ ಸಲ ಒಂದೇ ಮಾತಾಡಿದರು. ಕೇಳೋರು ಯಾರು?

ಬುಧವಾರ ಬೆಳಗ್ಗೆ ನಲ್ಲಿಯ ಎಡಕ್ಕೊಂದು ಬಲಕ್ಕೊಂದು ಬಿಂದಿಗೆ ಸಾಲು. ನಂಜಪ್ಪನ ಕಡೆ ಮೂವತ್ತೊಂದು. ನರಸಯ್ಯನ ಕಡೆ ಮೂವತ್ತನಾಲ್ಕು. ಆದರೆ ಆ ಮೂವತ್ತನಾಲ್ಕರಲ್ಲಿ ಐದು ನರಸಯ್ಯನ ಮನೆಯವೇ. ಆ ಮನೇಲಿ ತುಂಬಿದ ಹಂಡೆ ಇದೆ, ಹಂಡೆಗೆ ಬೆನ್ನು ಕೊಟ್ಟು ಮಂಚಮ್ಮ ಇದ್ದಾಳೆ. ಆ ಐದು ಬಿದ್ದುಹೋದರೆ ಇಪ್ಪತ್ತೊಂಬತ್ತು; ನರಸಯ್ಯ ಸೋತ ಹಾಗೇ.

"ಮಂಚೀ" ಅಂದ ನರಸಯ್ಯ, ಬಚ್ಚಲುಮನೆಯಿಂದ ಮೂರು ಮಾರು ದೂರದಲ್ಲೇ ನಿಂತು. "ಒಸಿ ಬಗ್ಗುಸ್ಬುಡನಾ?"

"ಬಗ್ಗುಸಿ. ಮೊದ್ಲು ನನ್ನ ಬಗ್ಗುಸಿ, ಆಮೇಲೆ ಅಂಡೆ ಬಗ್ಗುಸಿ."

"ಶುಕ್ರವಾರ ನೀರು ಬತ್ತದೆ ಕಣಮ್ಮಿ. ಎಲ್ಡು ದಿನ ತಡೆದು ಮಾಡುದ್ರೆ ಆಗಾಕಿಲ್ವಾ ಪುರುಡು?"

"ಅನ್ನೊಂದ್ನೇ ದಿನ ಅನ್ನೋದು ಶುಕ್ರವಾರ ಬತ್ತದಾ? ಶುಕ್ರವಾರುಕ್ಕೆ ಅದಿಮೂರ್ನೇ ದಿನ ಆಯ್ತದೆ. ನೀವು ಕಚೇರೀಲಿ ಕಲ್ತಿದ್ದು ಇದೇನಾ? ನಿಮ್ಮ ಓಟಿಗೆ ನನ್ ಮಗಳ ನೀರು ಚೆಲ್ಬೇಕಾ? ಬೀಗಿತ್ತಿ ಬಂದು ಚೈತ್ರನ್ನ ಮಾತಾಡ್ದಾಗ ನಿಮ್ಮ ಮೂವತ್ತನಾಲ್ಕ್ ಬಿಂದಿಗೆ ಬಂದು ಉತ್ರ ಕೊಡ್ತವಾ?"

ನರಸಯ್ಯ ಪೊರಕೆ ನೋಡಿದ, ಹಂಡೆ ನೋಡಿದ, ಹೊರಗೆ ಹೋದ. ಬಲವಂತ ಮಾಡೋ ಆಸಾಮಿ ಅಲ್ಲ ಅವನು. ಮೇಷ್ಟ್ರು ಬಂದು ಹಂಡೆಯೊಳಗೆ ಇಣುಕಿ, ಬಾಗಿಲಿಗೆ ಸುಣ್ಣ ಮುಟ್ಟಿಸದೆ ತಿರುಗಿದರು. ಹನ್ನೆರಡೂವರೆಗೆ ಕೊನೆಯ ಎಣಿಕೆ ಅಂದರು. ಮಂಚಮ್ಮ ಗೆದ್ದೆ ಅಂದುಕೊಂಡಳು.

ಒಂಬತ್ತು ಗಂಟೆಗೆ ಬಿಸಿಲು ಕಟ್ಟೆ ಮೇಲೆ ಬಂತು. ಹತ್ತಕ್ಕೆ ಭಾಷಣ ಶುರುವಾಯ್ತು. ನಂಜಪ್ಪ ದೇಶದ ಪರಿಸ್ಥಿತಿ ಹೇಳಿದ, ಹೇಮಾವತಿ ನಾಲೆ ಹೇಳಿದ, ಹಾಲಿನ ರೇಟು ಹೇಳಿದ, ಗಂಟಲು ಕೆರೆದುಕೊಂಡು ನೀರಿಗೆ ಕೈ ಚಾಚಿದ. ನೀರಿಲ್ಲ. ಅವಾಗಲೇ ಬೀದಿಗೆ ಜ್ಞಾನೋದಯ ಆದದ್ದು. ಇಪ್ಪತ್ತೆರಡು ಮನೇಲಿ ಇಪ್ಪತ್ತೊಂದು ಬಾಗಿಲ ಮೇಲೆ 'ಒಣ'. ಮೂಲೆ ಅಂಗಡಿ ಗೋಲಿಸೋಡ ಎಂಟೂವರೆಗೇ ಮುಗಿದಿತ್ತು. ಬೇರೆ ಬೀದಿಗೆ ಹೋಗಿ ಕುಡಿದು ಬರೋಣ ಅಂದರೆ, ಸಾಲು ಬಿಟ್ಟು ಹೋದರೆ ಎದುರಿನೋರು ಏನು ಮಾಡ್ತಾರೋ ಅನ್ನೋ ಹೆದರಿಕೆ.

ನಂಜಪ್ಪನ ಕಡೆಯೋರು ಹಾಲು ಕುಡಿಯೋಕೆ ಹೊರಟರು. ಕೂಡಲೇ ಕೆಳಬೀದಿಯ ಚಲುವರಾಜು ಎದ್ದು ನಿಂತ. ಅವನು ನರಸಯ್ಯನ ಬಲಗೈ.

"ಮೇಷ್ಟ್ರೇ, ಆಕ್ಷೇಪಣೆ! ನಂಜಪ್ಪಣ್ಣನ ಹಾಲಲ್ಲಿ ಅರ್ಧ ನೀರೇ ಇರೋದು, ಇಡೀ ಪೇಟೆಗೇ ಗೊತ್ತು. ಆ ಮನೇಲಿ ಹಾಲಿದ್ರೆ ನೀರಿದ್ದಂಗೆ!"

"ಯಾವನ್ಲಾ ಅವ್ನು!" ಅಂತ ನಂಜಪ್ಪ ಪಂಚೆ ಎತ್ತಿ ಕಟ್ಟಿದ. "ನನ್ ಹಾಲು ಅಪ್ಪಟ ಕಣ್ಲಾ! ಅನಿ ನೀರಿದ್ರೆ ನನ್ ಮೀಸೆ ಬೋಳುಸ್ತೀನಿ."

"ಅಂಗಾದ್ರೆ ಡೈರಿಯಿಂದ ನೀರ್ ನೋಡೋ ಕಡ್ಡಿ ತರ್ಸಾನ" ಅಂದರು ಮೇಷ್ಟ್ರು.

ಕಡ್ಡಿ ಅಂದ ಕೂಡಲೇ ನಂಜಪ್ಪ ಮೀಸೆ ಮುಟ್ಟಿ ನೋಡಿಕೊಂಡ. ಒಂದು ಕ್ಷಣ ಯೋಚಿಸಿ, "ಸಂಶಯಕ್ಕೇ ಆಸ್ಪದ ಬ್ಯಾಡ" ಅಂತ ದೊಡ್ಡಸ್ತಿಕೆಯಿಂದ ಹೇಳಿ, ಇಪ್ಪತ್ತು ಲೀಟರ್ ಹಾಲನ್ನೂ ಮೋರಿಗೆ ಸುರಿಸಿಬಿಟ್ಟ. ಬೀದಿಯ ಬೆಕ್ಕುಗಳು ಮಾತ್ರ ಅವತ್ತು ಹೊಟ್ಟೆ ತುಂಬಾ ಉಂಡದ್ದು.

ಬಾಯಾರಿಕೆ ಏರಿತು. ಕುಳ್ಳಯ್ಯ ಮೆಲ್ಲಗೆ ಎದ್ದು ನರಸಯ್ಯನ ಮನೆ ಬಾಗಿಲಿಗೆ ಬಂದ.

"ಅಕ್ಕಾ, ಒಂದ್ ಲೋಟ ನೀರ್ ಕೊಡಕ್ಕ. ನಾಲ್ಗೆ ಅಂಟ್ಕೊಂಡೈತೆ."

ಮಂಚಮ್ಮ ಏನು ಮಾಡಬೇಕು? ಬಾಗಿಲಿಗೆ ಬಂದು ನೀರು ಕೇಳಿದೋರಿಗೆ ಇಲ್ಲ ಅನ್ನೋದು ಆ ಸೀಮೆಯ ಹೆಂಗಸರಿಗೆ ಬರೋಲ್ಲ. ಹೇಳಬೇಕು ಅಂದರೂ ನಾಲಗೆಯೇ ಹೊರಳೋಲ್ಲ. ಮೊರ ಸರಿಸಿ, ಒಂದು ಲೋಟ ಮೊಗೆದು ಕೊಟ್ಟಳು. ಕುಳ್ಳಯ್ಯ ಕುಡಿದು "ಅಯ್ಯಪ್ಪಾ" ಅಂದ. ಆ "ಅಯ್ಯಪ್ಪಾ" ಕಟ್ಟೆಯವರೆಗೂ ಕೇಳಿಸಿತು. ಇನ್ನೊಬ್ಬ ಬಂದ. ಮತ್ತೊಬ್ಬ ಬಂದ. ಆಗ ಚಲುವರಾಜುವಿನ ತಲೆಗೆ ಹೊಳೆದೇ ಹೋಯಿತು.

"ಲೇ, ಬಗ್ಗುಸಾದು ಯಾಕ್ಲಾ? ಕುಡಿಯಾನ ಬನ್ರೋ! ಕುಡುದ್ರೆ ಅಂಡೆ ಒಣಗ್ತದೆ, ಅಂಡೆ ಒಣಗುದ್ರೆ ಐದು ಬಿಂದಿಗೆ ನಮ್ದೇಯ!"

ಆಮೇಲೆ ಶುರುವಾಯ್ತು ಜಾತ್ರೆ. ಕೆಳಬೀದಿಯ ಗಂಡಸರು ಸಾಲುಗಟ್ಟಿ ಬಂದು ಎರಡೆರಡು ಲೋಟ, ಮೂರ್ಮೂರು ಲೋಟ. ಬಾಯಾರಿಕೆ ಹೋದ ಮೇಲೂ ಕರ್ತವ್ಯ ಅಂತ ಕುಡಿದರು. ಹೊಟ್ಟೆ ಬುರ್ರನೆ ಉಬ್ಬಿ, ಎದ್ದು ಹಿತ್ತಲಿಗೆ ಹೋಗಿ ಬಂದು, ಮತ್ತೆ ಕುಡಿದರು. ನಂಜಪ್ಪನ ಕಡೆಯೋರು ಇತ್ತ ನಾಲಗೆ ಚಪ್ಪರಿಸುತ್ತಾ, ಬಿಸಿಲಲ್ಲಿ ಒಣಗುತ್ತಾ ಕೂತಿದ್ದರು. ಅವರಿಗೆ ನಂಜಪ್ಪನ ಆಜ್ಞೆ ಆಗಿತ್ತು: ಆ ಮನೆಯ ಒಂದು ತೊಟ್ಟು ಕುಡಿದರೂ ಪಕ್ಷಾಂತರ. ಒಬ್ಬ ಮಾತ್ರ ತಡೆಯಲಾರದೆ ಹಿಂಬಾಗಿಲಿನಿಂದ ಬಂದ. ಅವನ ಕಡೆಯೋರೇ, ಮುಟ್ಟಬಾರದು ಅನ್ನೋ ಪದ್ಧತಿ ಮರೆತು, ಅವನ ಬಿಂದಿಗೆಯನ್ನು ಸಾಲಿನಿಂದ ಎತ್ತಿ ಬೋರಲು ಹಾಕಿ, ಕುಡಿದದ್ದು ಒಂದೇ ಲೋಟ ಅಂತ ಅವನು ಕಾಲು ಹಿಡಿದ ಮೇಲೆ ಮತ್ತೆ ಎತ್ತಿ ನಿಲ್ಲಿಸಿದರು.

ನಂಜಪ್ಪನ ಹೆಂಡತಿ ಚಿಕ್ಕಬೋರಮ್ಮ ಸೆರಗಿನ ಮುಸುಕೆಳೆದು ಹಿತ್ತಲ ಕಡೆಯಿಂದಲೇ ಬಂದಳು, ಮೊಮ್ಮಗಳು ಚಿನ್ನುವನ್ನು ಸೊಂಟಕ್ಕಿಟ್ಟುಕೊಂಡು.

"ಮಂಚಕ್ಕಾ, ಈ ಕೂಸಿಗೆ ಯಾವ ಪಾರ್ಟಿಯಕ್ಕಾ? ಒಂದ್ ಗುಟ್ಕು ಕೊಡು."

ಮಂಚಮ್ಮ ಕೊಟ್ಟಳು. ಚಿಕ್ಕಬೋರಮ್ಮನಿಗೂ ಕೊಟ್ಟಳು. ಲೋಟ ಕೆಳಗಿಡುವಾಗ ಚಿಕ್ಕಬೋರಮ್ಮ ಹಂಡೆಯೊಳಗೆ ನೋಡಿ, "ಅಯ್ಯೋ ನಮ್ಮವ್ವಾ, ತಳ ಕಾಣ್ತಾ ಅದಲ್ಲೇ! ಮಗೀಗೆ?" ಅಂದಳು. ಮಂಚಮ್ಮನಿಗೆ ಅಷ್ಟೊತ್ತಿನವರೆಗೂ ತಡೆದುಕೊಂಡಿದ್ದ ಅಳು ಒತ್ತಿಬಂತು. ಯಾರನ್ನು ಬೈಯ್ಯೋದು? ಕೇಳಿದೋರನ್ನೋ, ಕೊಟ್ಟ ತನ್ನ ಕೈಯನ್ನೋ? ಪೊರಕೆ ಹಿಡಿದು ಕೂತದ್ದು ಹಂಡೆ ಬಗ್ಗಿಸೋಕೆ ಬರೋರನ್ನ ತಡೆಯೋಕೆ. ಬಾಯಾರಿದೋರು ಬರ್ತಾರೆ ಅಂತ ಅವಳಿಗೆ ಏನು ಗೊತ್ತು?

ಮೇಷ್ಟ್ರಿಗೂ ಬಾಯಾರಿತ್ತು. ಬಾಗಿಲವರೆಗೂ ಬಂದರು. ಸ್ಪೀಕರ್ ಆದೋರು ಯಾವ ಮನೆ ನೀರನ್ನೂ ಕುಡಿಯೋ ಹಾಗಿಲ್ಲ ಅಂತ ಅವರೇ ಬರೆದಿದ್ದರು. "ವಾಸ್ನೆ ತಕ್ಕಂಡ್ರೆ ನಿಸ್ಪಕ್ಷಪಾತಕ್ಕೆ ಧಕ್ಕೆ ಇಲ್ಲ" ಅಂದು, ಹಂಡೆಯ ಮೇಲೆ ಬಗ್ಗಿ ಎರಡು ಸಲ ಮೂಗು ಎಳೆದುಕೊಂಡು ಹೋದರು.

ಹನ್ನೆರಡು ಹೊಡೆಯೋ ಹೊತ್ತಿಗೆ ಹಂಡೆಯ ಬುಡದಲ್ಲಿ ಉಳಿದದ್ದು ಒಂದೇ ಚೆಂಬು ನೀರು. ಮಂಚಮ್ಮ ಅದನ್ನು ಚೆಂಬಿಗೆ ಬಗ್ಗಿಸಿಕೊಂಡು ಎದೆಗವಚಿ ಹಿಡಿದಳು. ಕೆಳಬೀದಿಯೋರಲ್ಲಿ ಇನ್ನು ಒಬ್ಬರಿಗೂ ಒಂದು ತೊಟ್ಟು ಇಳಿಯೋ ಜಾಗ ಇರಲಿಲ್ಲ. ಚಲುವರಾಜು ಜಗಲಿ ಮೇಲೆ ಮಲಗಿ, ಹೊಟ್ಟೆ ಹಿಡಿದು, ತೇಗುತ್ತಿದ್ದ.

"ಅಣ್ಣನ್ನ ಕರೀರೋ" ಅಂದ ಅವನು. "ಅಣ್ಣ ಒಬ್ಬನೇ ಬೆಳಗಿಂದ ಕುಡಿದಿಲ್ಲ."

ನಿಜವೇ. ನರಸಯ್ಯ ಬೆಳಗ್ಗೆಯಿಂದ ಬಿಸಿಲಲ್ಲಿ ಆ ತುದಿ ಈ ತುದಿ ಓಡಾಡಿದ್ದೇ ಬಂತು. ತನ್ನವರೆಲ್ಲಾ ಕುಡಿದ ಮೇಲೆ ತಾನು ಅಂತ ಇದ್ದೋನು. ಒಳಗೆ ಬಂದಾಗ ತುಟಿ ಒಡೆದು ರಕ್ತ ಜಿನುಗಿತ್ತು. ನೀಲಿ ಹಾಕಿದ ಪಂಚೆ ಮಣ್ಣಾಗಿತ್ತು. ಅವನ ಹಿಂದೆ ಹತ್ತು ಜನ, ಅವರ ಹಿಂದೆ ಸೀಮೆಸುಣ್ಣ ಹಿಡಿದ ಮೇಷ್ಟ್ರು.

"ಒಂದೇ ಚೆಂಬು ಕಣಣ್ಣ. ಗಟಗಟಾಂತ ಏರುಸ್ಬುಡು. ಗೆದ್ದಂಗೇ!" ಅಂದರು ಹಿಂದಿದ್ದೋರು.

ಮಂಚಮ್ಮ ಚೆಂಬು ಬಿಡಲಿಲ್ಲ. ಬೈಯಬೇಕು ಅಂತ ಬಾಯಿ ತೆರೆದಳು. ಆ ಒಡೆದ ತುಟಿ ನೋಡಿದಳು. ಮೂವತ್ತು ವರ್ಷ ಸಂಸಾರ ಮಾಡಿದ ಮುಖ ಅದು. ಬಾಯಾರಿಕೆ ಅಂತ ಒಂದು ದಿನ ಬಾಯಿಬಿಟ್ಟು ಹೇಳಿದ ಮುಖ ಅಲ್ಲ. ಅವನ ಗೆಲುವು ಈ ಚೆಂಬಿನಲ್ಲಿ, ಮಗಳ ಮರ್ಯಾದೆ ಈ ಚೆಂಬಿನಲ್ಲಿ. ಇದೆಂಥಾ ಕಷ್ಟ ತಂದಿಟ್ಟೆ ದೇವರೇ ಅಂತ ಕಣ್ಣಲ್ಲಿ ನೀರು ತುಂಬಿತು. ಅವಳು ಏನೂ ಅನ್ನೋ ಮೊದಲೇ ಒಳಗಿನ ಕೋಣೆಯಿಂದ ಚೈತ್ರಳ ದನಿ ಬಂತು.

"ಅವ್ವಾ, ಅಪ್ಪ ಕುಡ್ಕೊಳ್ಳಿ ಬುಡವ್ವ. ಬೆಳಗಿಂದ ಒಣಗೈತೆ. ನಮ್ಮತ್ತೆ ಅಂದ್ರೆ ಅನ್ನುಸ್ಕೊತೀನಿ ನಾನು."

ಮಂಚಮ್ಮ ಚೆಂಬನ್ನು ಗಂಡನ ಕೈಗಿಟ್ಟಳು. "ತಕ್ಕಳಿ. ಸಾಕಾಗೈತೆ ನಂಗೆ" ಅಂದಳು.

ನರಸಯ್ಯ ಚೆಂಬು ಹಿಡಿದ. ತಲೆ ಹಿಂದಕ್ಕೆ ಬಾಗಿಸಿ, ಬಾಯಿ ತೆರೆದು, ಚೆಂಬು ಮೇಲೆತ್ತಿದ. ನೀರು ಚೆಂಬಿನ ಅಂಚಿಗೆ ಬಂದು ನಿಂತಿತು. ಅವನ ಗಂಟಲುಗುಂಡಿ ಬರಿದೇ ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು.

ಆಮೇಲೆ ಕೈ ಇಳಿಸಿದ.

"ಮೇಷ್ಟ್ರೇ" ಅಂದ, ಗಂಟಲು ಒಣಗಿ ಕಿರಗುಟ್ಟೋ ದನಿಯಲ್ಲಿ. "ಬರ್ಕೊಳ್ಳಿ. ನಮ್ಮನೇಲಿ ನೀರೈತೆ."

"ಅಣ್ಣಾ!" ಅಂತ ಚಲುವರಾಜು ಎದ್ದು ಕೂರೋಕೆ ಹೋಗಿ, ಹೊಟ್ಟೆಯ ಭಾರಕ್ಕೆ ಹಾಗೇ ಹಿಂದಕ್ಕೆ ಬಿದ್ದ. "ಒಂದ್ ಚೆಂಬು ಕಣಣ್ಣ! ಅದೇನ್ ಮಹಾ!"

"ಮಹಾನೋ ಅಲ್ವೋ. ಐತೆ. ಇರೋದ್ನ ಇಲ್ಲ ಅನ್ನಾಕಾಗ್ತದಾ?"

ಮೇಷ್ಟ್ರು ಸೀಮೆಸುಣ್ಣ ಜೇಬಿಗೆ ಹಾಕಿಕೊಂಡರು. ಕಟ್ಟೆಯ ಹತ್ತಿರ ಹೋಗಿ ನರಸಯ್ಯನ ಐದು ಬಿಂದಿಗೆಗಳನ್ನು ಒಂದೊಂದಾಗಿ ಸಾಲಿನಿಂದ ಆಚೆಗೆ ಇಟ್ಟು, ಮೂವತ್ತೊಂದು, ಇಪ್ಪತ್ತೊಂಬತ್ತು, ನಂಜಪ್ಪ ಉಸ್ತುವಾರಿ ಅಂತ ಸಾರಿದರು. ಮೇಲ್ಬೀದಿಯೋರು ಜೈಕಾರ ಹಾಕೋಕೆ ಬಾಯಿ ತೆರೆದರು. ಗಂಟಲಿನಿಂದ ಒಬ್ಬರಿಗೂ ದನಿ ಹೊರಡಲಿಲ್ಲ. ಮೂವತ್ತು ಜನ ಕೈ ಎತ್ತಿ, ಬಾಯಿ ಅಗಲಿಸಿ, ನಿಶ್ಶಬ್ದವಾಗಿ ಜೈಕಾರ ಹಾಕಿದರು. ನಂಜಪ್ಪ ಗೆದ್ದೋರು ಆಡೋ ಮಾತು ಆಡೋಕೆ ಎದ್ದು ನಿಂತ, ನಾಲಗೆ ಆಡದೆ ಕೂತ. ಕಾಗದಕ್ಕೆ ರುಜು ಹಾಕಿ ಮಾತ್ರ ಕೊಟ್ಟ.

ಮಂಚಮ್ಮ ಗಂಡನ ಕಡೆ ನೋಡಿದಳು. ಹಾಳಾದ ಗಂಡಸು, ಬೆಳಗ್ಗೆಯಿಂದ ಹೊಟ್ಟೆ ಉರಿಸಿದ ಗಂಡಸು. ಅವಳಿಗೆ ಅವನ ಮೇಲೆ ಉಕ್ಕಿಬಂದ ಅಕ್ಕರೆಗೆ ಏನು ಮಾಡಬೇಕು ಅಂತ ತಿಳಿಯದೆ, ಸೆರಗಿನ ಚುಂಗಿನಿಂದ ಅವನ ತುಟಿಯ ರಕ್ತ ಒರೆಸಿದಳು. ಒರಟಾಗೇ ಒರೆಸಿದಳು. "ಆ" ಅಂದ ಅವನು.

ಹಿತ್ತಲಲ್ಲಿ ಎರಡು ತೆಂಗಿನ ಗರಿ ಉರಿಸಿ ಚೆಂಬಿನ ನೀರು ಬೆಚ್ಚಗೆ ಮಾಡೋ ಹೊತ್ತಿಗೆ ಪುಟ್ಟಗೌರಮ್ಮ ಬಂದೇಬಿಟ್ಟಳು. ಕಂಕುಳಲ್ಲಿ ಬಟ್ಟೆಗಂಟು, ಕಾಲ ತುಂಬಾ ಬಸ್ ಸ್ಟ್ಯಾಂಡಿನ ಧೂಳು. ಹೊಸ್ತಿಲಾಚೆ ನಿಂತು ಕಾಲಿಗೆ ನೀರು ಕೊಡ್ತಾರೆ ಅಂತ ಕಾದಳು. ಒಂದು ನಿಮಿಷ ಕಾದಳು, ಎರಡು ನಿಮಿಷ ಕಾದಳು. ಒಬ್ಬರೂ ನೀರು ತರಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು ಹಾಗೇ ಒಳಗೆ ಬಂದಳು. ಬಚ್ಚಲುಮನೇಲಿ ಮಂಚಮ್ಮ ಕಾಲು ನೀಡಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಪಕ್ಕದಲ್ಲಿ ದೊಡ್ಡ ತಾಮ್ರದ ಹಂಡೆ, ಬರಿದು. ಹಂಡೆಯ ಪಕ್ಕ ಒಂದು ಚೆಂಬು.

ಪುಟ್ಟಗೌರಮ್ಮ ಹಂಡೆ ನೋಡಿದಳು. ಚೆಂಬು ನೋಡಿದಳು.

"ಏನಮ್ಮ ಇದು? ನನ್ ಮೊಮ್ಮಗೀಗೆ ಇಷ್ಟೇನಾ ನೀರು?"

ಮಂಚಮ್ಮ ತಲೆ ತಗ್ಗಿಸಿದಳು. ಬಚ್ಚಲುಮನೆ ಬಾಗಿಲ ಹತ್ತಿರ ಗೋಡೆಗೊರಗಿ ನಿಂತಿದ್ದ ನರಸಯ್ಯ ಹೇಳಿದ. ಅವನ ಗಂಟಲಿನಲ್ಲಿ ದನಿ ಅನ್ನೋದು ಇರಲೇ ಇಲ್ಲ. ಬೀಗಿತ್ತಿ ಅತ್ತ ಕಿವಿಗೊಟ್ಟು ಕೇಳಬೇಕಾಯ್ತು.

"ಇಡೀ ಬೀದೀಲಿ ಇರಾದೇ ಅಷ್ಟು ಕಣಮ್ಮ. ಅಷ್ಟೂ ಅವಳ್ಗೇಯ."

ಪುಟ್ಟಗೌರಮ್ಮ ಅವನ ಒಡೆದ ತುಟಿಯನ್ನು ನೋಡಿದಳು. ಬಾಗಿಲಾಚೆ, ಬಿಸಿಲಲ್ಲಿ ಬಾಯಿ ಕಳೆದು ನಿಂತ ಬೀದಿಯನ್ನು ನೋಡಿದಳು. ಏನರ್ಥವಾಯಿತೋ, ಎಷ್ಟರ್ಥವಾಯಿತೋ. ಬಟ್ಟೆಗಂಟು ಕೆಳಗಿಟ್ಟು, ಧೂಳಿನ ಕಾಲಲ್ಲೇ ಕುಕ್ಕರಗಾಲಿನಲ್ಲಿ ಕೂತು, ಚೆಂಬು ಎತ್ತಿಕೊಂಡಳು. ಒಂದು ಹನಿ ಆಚೆ ಹೋಗದ ಹಾಗೆ ಇನ್ನೊಂದು ಕೈ ಅಡ್ಡ ಹಿಡಿದು, ಸಣ್ಣಗೆ, ನಿಧಾನವಾಗಿ ಕೂಸಿನ ನೆತ್ತಿಗೆ ಹುಯ್ದಳು.